ಗೊರಬಲಿಗೆ ಸರಕಿನ ದರ ಕೊಡದಿರಲು: ಹರಾಜಿಗೆ ಬಂದ ಪ್ರೊಜೆಕ್ಟರ್, ಕ್ಯಾಮೆರಾ ನೋಡುವ ಬಗೆ

ಪ್ರಶ್ನೆ: ಶಿವಮೊಗ್ಗದಲ್ಲಿ ಮುಚ್ಚಿಹೋದ ಚಿತ್ರಮಂದಿರವೊಂದರ ಸಾಮಾನು ಹರಾಜಿಗೆ ಬಂದಿದೆ. ಪಟ್ಟಿಯಲ್ಲಿ ‘35 ಎಂಎಂ ಪ್ರೊಜೆಕ್ಟರ್ 2, 16 ಎಂಎಂ ಪ್ರೊಜೆಕ್ಟರ್ 1, ಹಳೆಯ ಕ್ಯಾಮೆರಾ 1 ಪೆಟ್ಟಿಗೆ, ಫಿಲ್ಮ್ ಡಬ್ಬಿ 14’ ಎಂದಿದೆ. ಮಾಲು ನೋಡಲು ಒಂದೇ ದಿನ, ಅದೂ ಎರಡು ಗಂಟೆ. ಕರೆಂಟ್ ಕೊಟ್ಟು ಓಡಿಸಿ ನೋಡುವಂತಿಲ್ಲ. ಸಂಗ್ರಹ ಈಗಷ್ಟೇ ಶುರು ಮಾಡುತ್ತಿದ್ದೇನೆ. ಏನನ್ನು ನೋಡಬೇಕು, ಎಲ್ಲಿಯವರೆಗೆ ಕೂಗಬಹುದು, ತಂದ ಮೇಲೆ ಸಾಗರದ ಕಡೆಯ ಮಳೆಯಲ್ಲಿ ಹೇಗೆ ಕಾಪಾಡುವುದು?

ಉತ್ತರ: ಏನನ್ನು ನೋಡಬಾರದು ಎಂದು ಗೊತ್ತಿದ್ದರೆ ಎರಡು ಗಂಟೆ ಧಾರಾಳ. ಬಣ್ಣ ಹೋಗಿರುವುದು, ಬೆಲ್ಟ್ ಹರಿದಿರುವುದು, ವೈರು ಪುಡಿಯಾಗಿರುವುದು, ಲ್ಯಾಂಪ್ ಸುಟ್ಟಿರುವುದು ಇವುಗಳ ಮೇಲೆ ಒಂದು ನಿಮಿಷವೂ ಕಳೆಯಬೇಡಿ. ಇವೆಲ್ಲ ಮತ್ತೆ ಸಿಗುತ್ತವೆ, ಇಲ್ಲವೇ ಮಾಡಿಸಬಹುದು. ಲೆನ್ಸು, ಗೇಟು (ಫಿಲ್ಮ್ ಬೆಳಕಿನ ಮುಂದೆ ಹಾದುಹೋಗುವ ಕಿಂಡಿ), ಫಿಲ್ಮ್ ಎಳೆಯುವ ಉಗುರು, ಅದನ್ನು ಆಡಿಸುವ ಕ್ಯಾಮ್, ಸೌಂಡ್ ಡ್ರಮ್ಮು (ಧ್ವನಿ ಓದುವ ಕಡೆ ಫಿಲ್ಮ್ ಸುತ್ತಿಹೋಗುವ ಉರುಳೆ), ಆಯಾ ಮಾಡೆಲ್ಲಿಗೆ ಮಾತ್ರ ಹೊಂದುವ ಗೇರು ಇವು ಹೋದರೆ ಹೋದವೇ. ನಿಮ್ಮ ದುಡ್ಡು ಹೋಗಬೇಕಾದದ್ದು ಈ ಎರಡನೆಯ ಗುಂಪಿಗೆ. ಅಡಿಕೆ ಮಂಡಿಯಲ್ಲಿ ಗೊರಬಲು ಕೀಳು ದರ್ಜೆ, ಸರಕು ಮೇಲು ದರ್ಜೆ; ಅಲ್ಲಿ ಚೀಲದ ಮೇಲ್ಭಾಗ ನೋಡಿ ದರ ಹಾಕುವವರಿಲ್ಲ. ಕೈ ಒಳಗೆ ಹೋಗಲೇಬೇಕು. ಇಲ್ಲೂ ಅದೇ ಕೈ ಬೇಕು.

ಹೋಗುವಾಗ ಚೀಲದಲ್ಲಿ ಇರಬೇಕಾದದ್ದು: ಸಣ್ಣ ಎಲ್‌ಇಡಿ ಟಾರ್ಚು, ಅಕ್ಕಸಾಲಿಗರು ಬಳಸುವ 10 ಪಟ್ಟಿನ ಭೂತಗನ್ನಡಿ, ಒಂದು ಮೀಟರ್ ಉದ್ದದ ಉಕ್ಕಿನ ಸ್ಕೇಲು, ಮಲ್ಟಿಮೀಟರ್, ಒಂದು ಮೀಟರಿನಷ್ಟು ಬೇಡದ 16 ಎಂಎಂ ಫಿಲ್ಮ್, ಅಷ್ಟೇ ಉದ್ದದ 35 ಎಂಎಂ ತುಂಡು, ಹತ್ತಿ ಬಟ್ಟೆ, ನೋಟ್‌ಬುಕ್. ಫಿಲ್ಮ್ ತುಂಡು ಇಲ್ಲದೆ ಪ್ರೊಜೆಕ್ಟರ್ ನೋಡಲು ಹೋಗುವುದು ಅಳತೆಪಟ್ಟಿ ಇಲ್ಲದೆ ಜಮೀನು ನೋಡಲು ಹೋದಂತೆ.

16 ಎಂಎಂ ಯಂತ್ರ

ಮೊದಲು ಇದನ್ನೇ, ಅಂದರೆ 16 ಮಿ.ಮೀ. ಅಗಲದ ಫಿಲ್ಮ್ ಓಡಿಸುವುದನ್ನೇ, ನೋಡಿ. ಮನೆಯ ಹಜಾರದಲ್ಲಿ ಇಟ್ಟು ಓಡಿಸಬಹುದಾದದ್ದು ಇದೊಂದೇ. ಪ್ರಚಾರ ವಾಹನಗಳು, ಶಾಲೆಗಳು, ಫಿಲ್ಮ್ ಸೊಸೈಟಿಗಳು ಬಳಸಿದ್ದು ಈ ಅಳತೆಯನ್ನೇ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜವು ಜಗತ್ತಿನ ಸಿನಿಮಾಗಳನ್ನು ಹಳ್ಳಿಗೆ ತಂದ ಸೀಮೆ ನಮ್ಮದು, ಹಾಗಾಗಿ ಈ ಯಂತ್ರಗಳನ್ನು ಕೈಯಲ್ಲಿ ಆಡಿಸಿದವರು ಇನ್ನೂ ಅಲ್ಲಲ್ಲಿ ಇದ್ದಾರೆ. ಒಬ್ಬರು ಸಿಕ್ಕರೆ ಜೊತೆಗೆ ಕರೆದೊಯ್ಯಿರಿ.

ಯಂತ್ರದ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗುಬುಟು ಇರುತ್ತದೆ. ಗೇಟು ತೆರೆದು ಅದನ್ನು ನಿಧಾನವಾಗಿ ತಿರುಗಿಸಿ. ಉಗುರು ಸೀಳಿನಿಂದ ಹೊರಬಂದು, ಕೆಳಕ್ಕೆ ಇಳಿದು, ಒಳಸರಿದು, ಮೇಲೇರಿ ಮತ್ತೆ ಹೊರಬರಬೇಕು. ಈ ಸುತ್ತಿನಲ್ಲಿ ಎಲ್ಲೂ ಜಿಗಿತ ಇರಬಾರದು. ತಿರುಗುವುದೇ ಇಲ್ಲ ಎಂದಾದರೆ ಗಾಬರಿ ಬೇಡ. ಎಷ್ಟೋ ಸಲ ಹಳೆಯ ಗ್ರೀಸು ಗಟ್ಟಿಯಾಗಿ ಸಾಬೂನಿನಂತಾಗಿರುತ್ತದೆ ಅಷ್ಟೇ. ಆದರೆ ಬಲ ಹಾಕಬೇಡಿ. ಗ್ರೀಸಿನ ಹಿಡಿತ ಮೆತ್ತಗೆ, ಒತ್ತಿದರೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ತುಕ್ಕಿನ ಹಿಡಿತ ಕಲ್ಲಿನಂತೆ, ಒಂದೇ ಜಾಗದಲ್ಲಿ ನಿಲ್ಲುತ್ತದೆ. ಮೊದಲನೆಯದಕ್ಕೆ ದರ ತಗ್ಗಿಸಿ ಕೂಗಬಹುದು. ಎರಡನೆಯದನ್ನು ಬಿಡಿಭಾಗದ ಲೆಕ್ಕಕ್ಕೆ ಮಾತ್ರ ಹಿಡಿಯಿರಿ.

ಉಗುರಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬಹಳ ಓಡಿದ ಯಂತ್ರದಲ್ಲಿ ಫಿಲ್ಮಿನ ತೂತಿಗೆ ತಾಗುವ ಕೆಳಮುಖದಲ್ಲಿ ಸಣ್ಣ ಕಚ್ಚು ಬಿದ್ದಿರುತ್ತದೆ, ದಾರ ಉಜ್ಜಿ ಉಜ್ಜಿ ಬಾವಿಯ ಕಲ್ಲಿನಲ್ಲಿ ಗೀರು ಬಿದ್ದಂತೆ. ಆ ಕಚ್ಚಿಗೆ ತೂತು ಸಿಕ್ಕಿಕೊಂಡು ಫಿಲ್ಮ್ ಹರಿಯುತ್ತದೆ. ಆಮೇಲೆ ಗೇಟಿನ ಎರಡು ಬದಿಯ ಪಟ್ಟಿಗಳ ಮೇಲೆ ಬೆರಳಿನ ಉಗುರು ಎಳೆಯಿರಿ. ಉಗುರಿಗೆ ತಡೆಯುವ ತುಕ್ಕಿನ ಗುಳಿ ಇದ್ದರೆ ಪ್ರತಿ ರೀಲಿನ ಮೇಲೂ ಉದ್ದಕ್ಕೆ ಗೀರು ಖಚಿತ. ಉಜ್ಜಿ ಸರಿಮಾಡುತ್ತೇವೆ ಅನ್ನುವವರನ್ನು ನಂಬಬೇಡಿ. ಆ ಪಟ್ಟಿ ಎಲ್ಲೆಡೆ ಸಮನಾಗಿ ಉಳಿಯದಿದ್ದರೆ ಫೋಕಸ್ ಕೆಡುತ್ತದೆ.

ಫಿಲ್ಮಿನ ತೂತಿಗೆ ಹಲ್ಲು ಸಿಕ್ಕಿಸಿ ಎಳೆಯುವ ಸ್ಪ್ರಾಕೆಟ್ ಚಕ್ರಗಳಿಗೆ ಎರಡೂ ಬದಿ ಹಲ್ಲಿದೆಯೋ ಒಂದೇ ಬದಿಯೋ? ಎರಡೂ ಬದಿ ಹಲ್ಲಿದ್ದರೆ ಅದು ಮೂಕಿ ಯಂತ್ರ. 16 ಎಂಎಂ ಮಾತಿನ ಪ್ರಿಂಟಿನಲ್ಲಿ ತೂತು ಒಂದೇ ಬದಿಗೆ, ಇನ್ನೊಂದು ಬದಿಯಲ್ಲಿ ಧ್ವನಿಪಟ್ಟಿ. ಮೂಕಿ ಯಂತ್ರಕ್ಕೆ ಅಂಥ ಪ್ರಿಂಟ್ ಹಾಕಿದರೆ ಹಲ್ಲು ನೇರ ಧ್ವನಿಪಟ್ಟಿಯನ್ನೇ ಚುಚ್ಚಿ ಹಾಳುಮಾಡುತ್ತದೆ. ಪಟ್ಟಿಯಲ್ಲಿ ಬರಿದೇ ‘16 ಎಂಎಂ’ ಎಂದಿರುವುದರಿಂದ ಇದನ್ನು ಕಣ್ಣಾರೆ ನೋಡಲೇಬೇಕು.

ಮಾತಿನ ಯಂತ್ರವಾದರೆ ಸೌಂಡ್ ಡ್ರಮ್ಮನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಡಿ. ಹಿಂದಿನ ಫ್ಲೈವೀಲಿನ ಭಾರಕ್ಕೆ ಅದು ಸ್ವಲ್ಪ ಹೊತ್ತು ತಾನಾಗಿ ತಿರುಗಬೇಕು. ಗರಗರ ಅನ್ನಿಸಿದರೆ ಬೇರಿಂಗ್ ಕೆಟ್ಟಿದೆ, ಹಾಡು ನಡುಗುತ್ತದೆ. ಧ್ವನಿಪಟ್ಟಿಗೆ ಬೆಳಕು ಹಾಕುವ ಎಕ್ಸೈಟರ್ ಲ್ಯಾಂಪ್ ಇಲ್ಲದಿದ್ದರೆ ಚಿಂತೆಯಿಲ್ಲ, ಅದರ ಮುಂದಿನ ಪುಟಾಣಿ ಸೌಂಡ್ ಲೆನ್ಸು ಇರಲೇಬೇಕು.

ಮಾಡೆಲ್ಲಿನ ಮಾತು. ಬೆಲ್ ಅಂಡ್ ಹೊವೆಲ್ ಕಂಪನಿಯ ಹಳೆಯ ಫಿಲ್ಮೋಸೌಂಡ್ ಯಂತ್ರಗಳು ಲೋಹದ ಗೇರಿನವು, ಎತ್ತಲು ಭಾರ, ಆದರೆ ಆಯುಸ್ಸು ಗಟ್ಟಿ. ಅದೇ ಕಂಪನಿಯ 1970ರ ನಂತರದ, ತಾನೇ ಫಿಲ್ಮ್ ಎಳೆದುಕೊಳ್ಳುವ ಮಾಡೆಲ್ಲುಗಳಲ್ಲಿ ಪ್ಲಾಸ್ಟಿಕ್ಕಿನ ವರ್ಮ್ ಗೇರ್ ಇದೆ. ವರ್ಷ ಕಳೆದಂತೆ ಅದು ಒಣಗಿ, ಉಕ್ಕಿನ ದಂಡದ ಮೇಲೆ ಬಿಗಿದು, ಉದ್ದಕ್ಕೆ ಸೀಳುತ್ತದೆ. ಹಿಂಬದಿ ಮುಚ್ಚಳ ತೆಗೆಯಲು ಬಿಟ್ಟರೆ ಟಾರ್ಚು ಹಾಕಿ ಸೀಳು ಹುಡುಕಿ. ಮುಚ್ಚಳ ತೆಗೆಯಲು ಬಿಡದಿದ್ದರೆ ಸೀಳಿದೆ ಎಂದೇ ಲೆಕ್ಕ ಹಾಕಿ ಕೂಗಿ. ಈ ಗೇರು ಹೊರದೇಶಗಳಲ್ಲಿ ಹೊಸದಾಗಿ ತಯಾರಾಗಿ ಸಿಗುತ್ತದೆ, ಕೂರಿಸುವ ಕೆಲಸ ಮಾತ್ರ ಸೂಕ್ಷ್ಮ. ಏಕಿ, ಎಲ್ಮೋ ಹೆಸರಿನ ಜಪಾನಿ ಯಂತ್ರಗಳು ಹಗುರ, ಲ್ಯಾಂಪ್ ಸುಲಭವಾಗಿ ಸಿಗುವಂಥದ್ದು (24 ವೋಲ್ಟಿನ ಹ್ಯಾಲೊಜನ್), ಓಡಿಸಬೇಕು ಎನ್ನುವವರಿಗೆ ಒಳ್ಳೆಯವು.

ವಿದ್ಯುತ್ತಿನ ತಗಡು ಓದದೆ ಜಾಗ ಬಿಡಬೇಡಿ. ಹಳೆಯ ಅಮೆರಿಕನ್ ಯಂತ್ರಗಳು 110 ವೋಲ್ಟಿನವು, ಲ್ಯಾಂಪೇ 750 ಅಥವಾ 1000 ವ್ಯಾಟ್. ನೇರ 230ಕ್ಕೆ ಚುಚ್ಚಿದರೆ ಲ್ಯಾಂಪ್ ಕ್ಷಣದಲ್ಲಿ ಹೋಗುತ್ತದೆ. ಜೊತೆಗಿದ್ದ ದಪ್ಪ ಟ್ರಾನ್ಸ್‌ಫಾರ್ಮರನ್ನು ಹರಾಜಿನ ಪಟ್ಟಿ ಮಾಡುವವರು ‘ಎಲೆಕ್ಟ್ರಿಕಲ್ ಸಾಮಾನು’ ಎಂದು ಬೇರೆ ಗುಡ್ಡೆಗೆ ಹಾಕಿರುವುದು ಮಾಮೂಲು, ಹುಡುಕಿ. ತಗಡಿನಲ್ಲಿ 60 ಸೈಕಲ್ ಎಂದು ಮಾತ್ರ ಇದ್ದು ಮೋಟರು ಸಿಂಕ್ರೊನಸ್ (ಕರೆಂಟಿನ ಸೈಕಲ್ಲಿಗೆ ತಕ್ಕ ವೇಗದಲ್ಲೇ ತಿರುಗುವ) ಬಗೆಯದಾದರೆ ಇನ್ನೊಂದು ತೊಡಕು: ನಮ್ಮ 50 ಸೈಕಲ್ಲಿನಲ್ಲಿ ಅದು ಸೆಕೆಂಡಿಗೆ 24ರ ಬದಲು 20 ಚೌಕಟ್ಟು ಓಡಿಸುತ್ತದೆ. ನಾಯಕಿಯ ಧ್ವನಿ ನಾಯಕನದಾಗುತ್ತದೆ! ಪುಲ್ಲಿ ಬದಲಿಸಿದರೆ ಸರಿಹೋಗುವ ವಿಷಯ, ಆದರೆ ಲೇತಿನ ಖರ್ಚು ಸೇರಿಸಿಕೊಳ್ಳಿ.

ಲೆನ್ಸು 50 ಮಿಲಿಮೀಟರಿನದಾಗಿರುವುದು ಸಾಮಾನ್ಯ. ಮನೆಗೆ ಸಾಕೇ ಎಂಬುದಕ್ಕೆ ಸುಲಭ ಲೆಕ್ಕವಿದೆ. ಗೇಟಿನ ಕಿಂಡಿ ಸುಮಾರು 9.6 ಮಿ.ಮೀ. ಅಗಲ, ಅದನ್ನು ಪರದೆಯ ದೂರದಿಂದ ಗುಣಿಸಿ 50ರಿಂದ ಭಾಗಿಸಿ. 5 ಮೀಟರ್ ದೂರಕ್ಕೆ ಚಿತ್ರ 96 ಸೆಂ.ಮೀ. ಅಗಲ ಬರುತ್ತದೆ.

35 ಎಂಎಂ ಜೋಡಿ

ಎರಡು ಯಂತ್ರ ಎಂದಿರುವುದು ಒಳ್ಳೆಯ ಸುದ್ದಿ. 2,000 ಅಡಿಯ ರೀಲು ಸುಮಾರು 22 ನಿಮಿಷ ಓಡುತ್ತದೆ. ಒಂದರಲ್ಲಿ ಮುಗಿಯುವಾಗ ಇನ್ನೊಂದಕ್ಕೆ ದಾಟಿಸಲು ಥಿಯೇಟರುಗಳು ಜೋಡಿ ಇಡುತ್ತಿದ್ದವು. ಜಾತ್ರೆಯ ಟೂರಿಂಗ್ ಟಾಕೀಸುಗಳಲ್ಲಿ ಹಲವು ಒಂದೇ ಯಂತ್ರದಲ್ಲಿ ಕಾಲ ತಳ್ಳಿದವು, ರೀಲು ಬದಲಿಸುವಾಗೆಲ್ಲ ಕತ್ತಲು, ಶಿಳ್ಳೆ. ಜೋಡಿಯನ್ನು ಒಡೆಯಬೇಡಿ. ಒಂದು ಇನ್ನೊಂದಕ್ಕೆ ಬಿಡಿಭಾಗದ ಕಣಜ, ಮುಂದೆ ಮಾರುವಾಗಲೂ ಜೋಡಿಗೆ ಬೇರೆಯದೇ ಬೆಲೆ.

ವೆಸ್ಟ್ರೆಕ್ಸ್, ಫೋಟೊಫೋನ್, ಸಿಂಪ್ಲೆಕ್ಸ್, ಗೋಮೋಂ-ಕಾಲೀ ಹೆಸರು ಯಾವುದೇ ಇರಲಿ, ಪರೀಕ್ಷೆ ಒಂದೇ. ಗೇಟಿನ ಕೆಳಗಿನ ಸ್ಪ್ರಾಕೆಟ್ ನೋಡಿ. ಇದಕ್ಕೆ 16 ಹಲ್ಲು. ಇದು ಸದಾ ತಿರುಗುವುದಿಲ್ಲ, ಕಾಲು ಸುತ್ತು ತಿರುಗಿ ನಿಲ್ಲುತ್ತದೆ, ಮತ್ತೆ ಕಾಲು ಸುತ್ತು. ಕಾಲು ಸುತ್ತಿಗೆ ನಾಲ್ಕು ಹಲ್ಲು, ನಾಲ್ಕು ಹಲ್ಲಿಗೆ ನಾಲ್ಕು ತೂತು, ನಾಲ್ಕು ತೂತಿಗೆ ಒಂದು ಚಿತ್ರ. ಈ ನಿಂತು ನಡೆಯುವ ಚಲನೆಯನ್ನು ಕೊಡುವುದು ಒಳಗೆ ಎಣ್ಣೆಯಲ್ಲಿ ಮುಳುಗಿರುವ ನಾಲ್ಕು ಸೀಳಿನ ಜಿನೀವಾ ನಕ್ಷತ್ರ. ಕೈಯಿಂದ ತಿರುಗಿಸಿ, ಸ್ಪ್ರಾಕೆಟ್ ನಿಂತ ಸ್ಥಿತಿಯಲ್ಲಿ ಅದನ್ನು ಬೆರಳಿನಿಂದ ಹಿಂದೆ ಮುಂದೆ ಅಲುಗಿಸಿ ನೋಡಿ. ಕೂದಲೆಳೆಯಷ್ಟೂ ಆಡಬಾರದು. ಇಲ್ಲಿನ ಚೂರು ಸಡಿಲ ಪರದೆಯ ಮೇಲೆ ನೂರಾರು ಪಟ್ಟು ದೊಡ್ಡದಾಗಿ ಚಿತ್ರವನ್ನು ಕುಣಿಸುತ್ತದೆ. ಹಲ್ಲುಗಳ ಆಕಾರವನ್ನೂ ನೋಡಿ: ಸವೆದ ಹಲ್ಲು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ.

ಎಣ್ಣೆ ತೋರಿಸುವ ಗಾಜಿನ ಕಿಂಡಿ ಇದ್ದರೆ ಟಾರ್ಚು ಹಾಕಿ. ಎಣ್ಣೆ ಕಪ್ಪಾಗಿದ್ದರೆ ವಯಸ್ಸು, ಅಡ್ಡಿಯಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಸೂರು ಸೋರುವ ಪ್ರೊಜೆಕ್ಟರ್ ಬೂತಿನಲ್ಲಿ ನಾಲ್ಕು ಮಳೆಗಾಲ ನಿಂತ ಯಂತ್ರಕ್ಕೆ ಇದು ಆಗದಿದ್ದರೇ ಆಶ್ಚರ್ಯ. ನಕ್ಷತ್ರಕ್ಕೆ ತುಕ್ಕು ತಗುಲಿರುವ ಸಾಧ್ಯತೆ ಹೆಚ್ಚು, ಆ ಯಂತ್ರವನ್ನು ‘ಪ್ರದರ್ಶನಕ್ಕೆ ಮಾತ್ರ’ ಎಂಬ ದರದಲ್ಲಿ ಹಿಡಿಯಿರಿ.

ಲ್ಯಾಂಪ್‌ಹೌಸಿನ ಬಗ್ಗೆ ಎಚ್ಚರಿಕೆ ಬೇಕು. ಕಾರ್ಬನ್ ಕಡ್ಡಿಯ ಹಳೆಯ ಬಗೆಯಾದರೆ ಒಳಗಿನ ಬಿಳಿ ನಾರಿನಂಥ ಹಾಳೆ, ವೈರಿನ ಮೇಲಿನ ಬಟ್ಟೆಯಂಥ ಸುತ್ತು ಹೆಚ್ಚಾಗಿ ಆಸ್ಬೆಸ್ಟಾಸ್. ಕೆರೆಯಬೇಡಿ, ಊದಬೇಡಿ, ಒಣ ಬ್ರಷ್ ಹಾಕಬೇಡಿ. ಕಡ್ಡಿಗೆ ಡಿಸಿ ಕರೆಂಟ್ ಕೊಡಲು ಬಳಸುತ್ತಿದ್ದ ರೆಕ್ಟಿಫೈಯರಿನಲ್ಲಿ ಗಾಜಿನ ದೊಡ್ಡ ಬುರುಡೆ ಇದ್ದರೆ ಒಳಗೆ ಪಾದರಸ ಇರಬಹುದು. ನೋಡಲು ಅದ್ಭುತ, ಒಯ್ಯಲು ಅಪಾಯ. ಕ್ಸೆನಾನ್ ಲ್ಯಾಂಪಿಗೆ ಬದಲಾದ ಯಂತ್ರವಾದರೆ ಇನ್ನೂ ಜೋಪಾನ. ಆ ಬಲ್ಬಿನೊಳಗೆ ತಣ್ಣಗಿರುವಾಗಲೂ ವಾಯುಭಾರದ ಹಲವು ಪಟ್ಟು ಒತ್ತಡವಿರುತ್ತದೆ. ಒಂದು ತಟ್ಟು ಸಾಕು, ಗಾಜಿನ ಚೂರು ಗುಂಡಿನಂತೆ ಹಾರುತ್ತದೆ. ಮುಖಕವಚ, ದಪ್ಪ ಕೈಗವಸು ಹಾಕಿ ತೆಗೆದು ಅದರದೇ ಪ್ಲಾಸ್ಟಿಕ್ ಕವಚದಲ್ಲಿ ಇಡುವ ಕೆಲಸ ಗೊತ್ತಿರುವ ಆಪರೇಟರಿನಿಂದಲೇ ಆಗಲಿ. ಬಲ್ಬ್ ಕೂರಿಸಿಕೊಂಡೇ ಆಯನೂರು ದಾಟಿ ಸಾಗರಕ್ಕೆ ಲಾರಿಯಲ್ಲಿ ಹೇರುವುದು ಬೇಡವೇ ಬೇಡ.

ಬಿಚ್ಚುವ ಕ್ರಮ: ಮೇಲಿನ ಕೆಳಗಿನ ರೀಲು ಡಬ್ಬಿಗಳು, ಲೆನ್ಸು, ನಕ್ಷತ್ರದ ಎಣ್ಣೆ ಬಸಿಯುವುದು, ಪ್ರೊಜೆಕ್ಟರ್ ತಲೆ, ಸೌಂಡ್‌ಹೆಡ್, ಲ್ಯಾಂಪ್‌ಹೌಸ್, ಕೊನೆಗೆ ಬೀಡು ಕಬ್ಬಿಣದ ಕಂಬ. ಪ್ರತಿ ಹಂತಕ್ಕೂ ಫೋಟೊ ತೆಗೆದು, ಸ್ಕ್ರೂಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಚೀಟಿ ಬರೆಯಿರಿ. ಬೂತಿನ ಮೆಟ್ಟಿಲು ಕಿರಿದಾಗಿರುತ್ತದೆ. ಕಂಬ ಮೇಲೇರಿದ್ದು ಹೇಗೆ ಎಂದು ಮೊದಲೇ ನೋಡಿಕೊಳ್ಳಿ. ಆಮೇಲೆ ಕಟ್ಟಿದ ಗೋಡೆ ಅಡ್ಡ ಬಂದದ್ದೂ ಉಂಟು.

ಕ್ಯಾಮೆರಾ ಪೆಟ್ಟಿಗೆ

ಇಂಥ ಪೆಟ್ಟಿಗೆಯಲ್ಲಿ ಅಗ್ಫಾ ಕ್ಲಿಕ್ 3 ಒಂದಾದರೂ ಇದ್ದೇ ಇರುತ್ತದೆ. ಬರೋಡದಲ್ಲಿ ತಯಾರಾಗುತ್ತಿದ್ದ, 120 ಫಿಲ್ಮಿನಲ್ಲಿ 12 ಚಿತ್ರ ತೆಗೆಯುವ ಸರಳ ಪೆಟ್ಟಿಗೆ ಅದು. ಪ್ರೀತಿಯ ವಸ್ತು, ಆದರೆ ಎಲ್ಲೆಲ್ಲೂ ಸಿಗುತ್ತದೆ, ಅದಕ್ಕಾಗಿ ದರ ಏರಿಸಬೇಡಿ. ಹುಡುಕಬೇಕಾದದ್ದು ಎರಡು ಲೆನ್ಸಿನ ಯಾಷಿಕಾ, ರೋಲಿ ಕ್ಯಾಮೆರಾಗಳನ್ನು, ಬೋಲೆಕ್ಸ್ ಎಚ್16 ಮೂವಿ ಕ್ಯಾಮೆರಾವನ್ನು, ಹಳೆಯ ಸ್ಟುಡಿಯೋಗಳ ಮರದ ಸ್ಟ್ಯಾಂಡ್ ಕ್ಯಾಮೆರಾವನ್ನು. ಕೇರಳದ ಆಲಪ್ಪುಳದಲ್ಲಿ ತೇಗದಲ್ಲಿ ಮಾಡುತ್ತಿದ್ದ ವಾಗೀಶ್ವರಿ ಕ್ಯಾಮೆರಾದ ಹೆಸರುತಗಡು ಕಂಡರೆ ನಿಂತು ನೋಡಿ. ಭಾರತದಲ್ಲೇ ತಯಾರಾದ ಒಳ್ಳೆಯ ಕ್ಯಾಮೆರಾಗಳು ಬೆರಳೆಣಿಕೆಯವು, ಇದಕ್ಕೆ ಇನ್ನೂ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ಲೆನ್ಸು ನೋಡುವುದು ಹೀಗೆ: ಡಯಾಫ್ರಮ್ (ಲೆನ್ಸಿನೊಳಗಿನ ಹಿಗ್ಗಿ ಕುಗ್ಗುವ ಕಿಂಡಿ) ಪೂರ್ತಿ ತೆರೆದು, ಶಟರ್ ತೆರೆದಿಟ್ಟು, ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿಯಿರಿ. ಧೂಳು ಚುಕ್ಕೆಯಂತೆ ಕಾಣುತ್ತದೆ, ಅದು ಲೆಕ್ಕಕ್ಕಿಲ್ಲ. ಬೂಷ್ಟು ಕವಲೊಡೆದ ಬೇರಿನಂತೆ ಕಾಣುತ್ತದೆ, ಅಂಚಿನಿಂದ ನಡುವಿಗೆ ಹರಡುತ್ತದೆ. ಅದು ಬಿಡುವ ಆಮ್ಲ ಗಾಜಿನ ಮೇಲಿನ ತೆಳು ಲೇಪವಾದ ಕೋಟಿಂಗನ್ನು, ಕ್ರಮೇಣ ಗಾಜನ್ನೇ ತಿನ್ನುತ್ತದೆ. ಎಳೆ ತೆಳ್ಳಗೆ ಬಿಳಿಯಾಗಿದ್ದರೆ ಒರೆಸಿ ತೆಗೆಯಬಹುದು. ಎಳೆಯ ಜಾಡಿನಲ್ಲಿ ಎಣ್ಣೆ ಬಿದ್ದ ನೀರಿನಂತೆ ಬಣ್ಣ ಆಡುತ್ತಿದ್ದರೆ ಕೋಟಿಂಗ್ ಹೋಗಿದೆ. ಎರಡು ಲೆನ್ಸಿನ ಕ್ಯಾಮೆರಾದಲ್ಲಿ ಮೇಲಿನದು ನೋಡುವ ಲೆನ್ಸು, ಅದರಲ್ಲಿ ಬೂಷ್ಟಿದ್ದರೆ ಕ್ಷಮಿಸಬಹುದು. ಕೆಳಗಿನದರಲ್ಲಿ ಇದ್ದರೆ ಅರ್ಧ ದರ.

ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ. ನಿಧಾನದ ವೇಗಗಳಲ್ಲಿ ಅದು ಅರ್ಧದಲ್ಲೇ ನಿಂತರೆ ಸರ್ವಿಸ್ ಖರ್ಚು ಸೇರಿಸಿ. ಮಡಚುವ ಕ್ಯಾಮೆರಾದ ಬೆಲ್ಲೋಸಿಗೆ (ಲೆನ್ಸಿನ ಹಿಂದಿನ ಮಡಿಕೆ ಮಡಿಕೆಯ ಚೀಲಕ್ಕೆ) ಕತ್ತಲಲ್ಲಿ ಒಳಗಿಂದ ಟಾರ್ಚು ಹಾಕಿದರೆ ಮಡಿಕೆಯ ಮೂಲೆಗಳಲ್ಲಿ ನಕ್ಷತ್ರ ಮಿನುಗುತ್ತವೆ. ಎರಡು ಮೂರಾದರೆ ಕಪ್ಪು ಅಂಟಿನಲ್ಲಿ ಮುಚ್ಚಬಹುದು, ಆಕಾಶವೇ ಕಂಡರೆ ಬಿಡಿ. ಬೋಲೆಕ್ಸಿನ ಸ್ಪ್ರಿಂಗು ಪೂರ್ತಿ ಕೀಲಿ ಕೊಟ್ಟರೆ 24 ಚೌಕಟ್ಟಿನ ವೇಗದಲ್ಲಿ ಸುಮಾರು 28 ಸೆಕೆಂಡು ಓಡಬೇಕು, ಕೊನೆಯವರೆಗೂ ಸದ್ದು ಒಂದೇ ಶ್ರುತಿಯಲ್ಲಿರಬೇಕು. ಅದರ ತೀರಾ ಹಳೆಯ ಮಾದರಿಗಳ ಸ್ಪ್ರಾಕೆಟ್‌ಗೂ ಎರಡು ಬದಿ ಹಲ್ಲು. ಈಗ ಸಿಗುವ 16 ಎಂಎಂ ಫಿಲ್ಮ್ ಬಹುತೇಕ ಒಂದೇ ಬದಿ ತೂತಿನದು. ಕೀಲಿ ತುಂಬಿದ ಕ್ಯಾಮೆರಾದ ಒಡಲು ಬಿಚ್ಚುವ ಸಾಹಸ ಯಾರಿಗೂ ಬೇಡ.

ಜರ್ಮನಿಯ ಹೆಸರಾಂತ ಲೈಕಾ ಎಂದು ಕೆತ್ತಿದ್ದು ಸಿಕ್ಕರೆ ಎದೆ ಬಡಿತ ಸ್ವಲ್ಪ ತಗ್ಗಿಸಿಕೊಳ್ಳಿ. 2022ರಲ್ಲಿ ಲೈಕಾದ ಮೊದಲ ಪ್ರಾಯೋಗಿಕ ತಂಡವಾದ ಸೊನ್ನೆ-ಸರಣಿಯ 105ನೇ ಕ್ಯಾಮೆರಾ ಹರಾಜಿನಲ್ಲಿ 144 ಲಕ್ಷ ಯೂರೋಗೆ ಹೋಯಿತು, ನಿಜ. ಆದರೆ ಚಿನ್ನದ ಬಣ್ಣ ಬಳಿದು, ಯುದ್ಧಕಾಲದ ಲಾಂಛನ ಕೆತ್ತಿದ ‘ಲೈಕಾ’ಗಳು ಸಾಮಾನ್ಯವಾಗಿ ಸೋವಿಯತ್ ಫೆಡ್ ಅಥವಾ ಜೋರ್ಕಿ ಕ್ಯಾಮೆರಾದ ಮೇಲಿನ ವೇಷ. ಲೆನ್ಸು ಬಿಚ್ಚಿ ಒಳಗೆ ಮೇಲ್ಭಾಗದಲ್ಲಿ ಚಾಚಿಕೊಂಡಿರುವ ಪುಟ್ಟ ತೋಳನ್ನು ನೋಡಿ: ನಿಜವಾದ ಲೈಕಾದಲ್ಲಿ ಅದರ ತುದಿಗೆ ತಿರುಗುವ ಉರುಟು ಗಾಲಿ ಇದೆ, ಸೋವಿಯತ್ ಕ್ಯಾಮೆರಾದಲ್ಲಿ ಬೆಣೆಯಾಕಾರದ ಗಟ್ಟಿ ಲೋಹ. ಹಿತ್ತಾಳೆಯ ‘1910ರ ಪ್ರೊಜೆಕ್ಟರ್’ಗಳಿಗೂ ಹೀಗೇ ಒಂದು ಪರೀಕ್ಷೆ. ಸ್ಕ್ರೂ ತಲೆಯಲ್ಲಿ ಅಧಿಕ ಚಿಹ್ನೆಯ ಗೀರಿದ್ದರೆ ಅದು 1930ರ ದಶಕದ ನಡುವಿಗಿಂತ ಹಿಂದಿನದಲ್ಲ, ಒಂದೋ ಸ್ಕ್ರೂ ಬದಲಾಗಿದೆ, ಇಲ್ಲವೇ ಇಡೀ ವಸ್ತು ಹೋಟೆಲಿನ ಅಲಂಕಾರಕ್ಕೆ ಮೊನ್ನೆ ಮಾಡಿದ್ದು.

ಹದಿನಾಲ್ಕು ಡಬ್ಬಿ

ಮುಚ್ಚಳ ತೆಗೆದ ಕೂಡಲೇ ಮೂಗು ಹೇಳುತ್ತದೆ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಕೊಳೆಯಲು ಶುರುವಾಗಿದೆ. ಅದರ ಆವಿ ಪಕ್ಕದ ರೀಲಿನ ಕೊಳೆತಕ್ಕೂ ವೇಗ ಕೊಡುತ್ತದೆ, ಹಾಗಾಗಿ ಅವನ್ನು ಬೇರೆಯೇ ಕೋಣೆಯಲ್ಲಿ, ಗಾಳಿಯಾಡುವಂತೆ ಇಡಬೇಕು. ಕುಗ್ಗಿದೆಯೇ ನೋಡಲು 16 ಎಂಎಂ ಫಿಲ್ಮನ್ನು ಸ್ಕೇಲಿನ ಮೇಲೆ ಚಾಚಿ, ಒಂದು ತೂತಿನ ಅಂಚಿನಿಂದ ನೂರು ತೂತು ದಾಟಿ ಅದೇ ಅಂಚಿನವರೆಗೆ ಅಳೆಯಿರಿ. ಹೊಸ ಪ್ರಿಂಟಿನಲ್ಲಿ ಇದು 762 ಮಿ.ಮೀ. 754ಕ್ಕಿಂತ ಕಡಿಮೆ ಬಂದರೆ ಶೇಕಡಾ 1ಕ್ಕಿಂತ ಹೆಚ್ಚು ಕುಗ್ಗಿದೆ, ಪ್ರೊಜೆಕ್ಟರಿನಲ್ಲಿ ಓಡಿಸಬಾರದು.

35 ಎಂಎಂ ಫಿಲ್ಮಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ ‘ಸೇಫ್ಟಿ’ ಎಂದು ಅಚ್ಚಾಗಿರುವುದನ್ನು ಹುಡುಕಿ. ಅದಿಲ್ಲದಿದ್ದರೆ, ಫಿಲ್ಮ್ ಕಂದುಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ, ನೈಟ್ರೇಟ್, ಅಂದರೆ ಬೇಗ ಬೆಂಕಿ ಹತ್ತುವ ಹಳೆಯ ಬಗೆಯ ಫಿಲ್ಮ್ ಇರಬಹುದು. 1950ರ ದಶಕದ ಆರಂಭದವರೆಗೂ ಅದು ಬಳಕೆಯಲ್ಲಿತ್ತು. ನೈಟ್ರೇಟ್ ಉರಿಯುವಾಗ ತನ್ನ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುತ್ತದೆ, ನೀರಿನೊಳಗೂ ಉರಿಯುತ್ತದೆ. ಚೂರು ಕತ್ತರಿಸಿ ಬೆಂಕಿ ಹಚ್ಚಿ ಪರೀಕ್ಷಿಸುವ ಹಳೆಯ ರೂಢಿ ಬಿಡಿ, ಮನೆಗಂತೂ ತರಬೇಡಿ. ಹಾಗಂತ ಗುಜರಿಯವರ ಕೈಗೂ ಕೊಡಬೇಡಿ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ. 1934ರಲ್ಲಿ ತೆರೆಗೆ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ ಎಂಬುದು ನೆನಪಿರಲಿ. ಡಬ್ಬಿಗಳ ಜೊತೆ ಗಾಜಿನ ಸ್ಲೈಡು, ಕರಪತ್ರ, ದಿನದ ಕಲೆಕ್ಷನ್ ಪುಸ್ತಕ ಇದ್ದರೆ ಕೇಳಿ ಪಡೆಯಿರಿ. ಹರಾಜು ನಡೆಸುವವರಿಗೆ ಅದು ರದ್ದಿ, ಯಂತ್ರ ಯಾವ ಊರಿನ ಪರದೆಗೆ ಬೆಳಕು ಕೊಟ್ಟಿತು ಎಂಬುದಕ್ಕೆ ಅದೊಂದೇ ಸಾಕ್ಷಿ.

ಎಲ್ಲಿಯವರೆಗೆ ಕೂಗುವುದು

ಸ್ಥಳದಲ್ಲಿ ಕೂತು ಲೆಕ್ಕ ಹಾಕಿದರೆ ಕೆಟ್ಟಿರಿ. ಹಿಂದಿನ ರಾತ್ರಿಯೇ ಸಂಖ್ಯೆ ಬರೆದಿಡಿ. ಉದಾಹರಣೆಗೆ, ಓಡುವ ಸ್ಥಿತಿಯ ಅದೇ ಯಂತ್ರಕ್ಕೆ ನೀವು 30,000 ರೂಪಾಯಿ ಕೊಡಲು ತಯಾರು ಎಂದುಕೊಳ್ಳಿ. ಟ್ರಾನ್ಸ್‌ಫಾರ್ಮರಿಗೆ 5,000, ಲ್ಯಾಂಪು ಬೆಲ್ಟಿಗೆ 3,000, ಸಾಗಾಣಿಕೆಗೆ 3,000, ಕಾಣದೇ ಇರುವ ದೋಷಕ್ಕೆ 2,000 ಕಳೆದರೆ ಉಳಿಯುವುದು 17,000. ಹರಾಜುದಾರರ ಕಮಿಷನ್ ಶೇ. 20, ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ ಎಂದಾದರೆ 17,000ವನ್ನು 1.236ರಿಂದ ಭಾಗಿಸಿ: ನಿಮ್ಮ ಕೊನೆಯ ಕೂಗು 13,750. ಹರಾಜಿನ ಮೊತ್ತದ ಮೇಲೂ ತೆರಿಗೆ ಹಾಕುವ ಷರತ್ತಿದ್ದರೆ ಅದನ್ನೂ ಭಾಜಕಕ್ಕೆ ಸೇರಿಸಿ. ಕಮಿಷನ್ ಮರೆತು ಕೂಗಿ ಆಮೇಲೆ ಬಿಲ್ಲು ನೋಡಿ ಬೆವರುವವರೇ ಹೆಚ್ಚು.

35 ಎಂಎಂ ಗುಡ್ಡೆಗೆ ನಿಮ್ಮ ಎದುರು ಕೂಗುವವರು ಸಂಗ್ರಾಹಕರಲ್ಲ, ಗುಜರಿ ವ್ಯಾಪಾರಿಗಳು. ಅವರ ಲೆಕ್ಕ ಕಿಲೋದ್ದು: ಬೀಡು ಇಷ್ಟು, ತಾಮ್ರ ಇಷ್ಟು, ಅಲ್ಯೂಮಿನಿಯಂ ಇಷ್ಟು. ಅಂದಿನ ಗುಜರಿ ದರ ತಿಳಿದುಕೊಂಡು ತೂಕ ಅಂದಾಜಿಸಿದರೆ ಅವರು ಎಲ್ಲಿ ಬಾಯಿ ಮುಚ್ಚುತ್ತಾರೆ ಎಂಬುದು ನಿಮಗೆ ಮೊದಲೇ ಗೊತ್ತಿರುತ್ತದೆ. ತಾಮ್ರ ತುಂಬಿದ ರೆಕ್ಟಿಫೈಯರ್, ಟ್ರಾನ್ಸ್‌ಫಾರ್ಮರ್ ಒಂದೇ ಗುಡ್ಡೆಯಲ್ಲಿದ್ದರೆ ಅವರು ಜೋರಾಗಿ ಏರಿಸುತ್ತಾರೆ. ಅವನ್ನು ಬೇರೆ ಮಾಡಿಸಲು ಸಾಧ್ಯವೇ ಎಂದು ನೋಡುವ ದಿನವೇ ಕೇಳಿ.

‘ಎಲ್ಲಿದೆಯೋ ಹೇಗಿದೆಯೋ ಹಾಗೆ’ ಎಂಬ ಷರತ್ತಿನಲ್ಲಿ ಗೆದ್ದ ಮೇಲೆ ದೂರಿಗೆ ಜಾಗವಿಲ್ಲ. ಅದಕ್ಕೇ ಪ್ರತಿ ಲೆನ್ಸಿನ ನಂಬರು, ಗೇಟಿನ ಒಳತಗಡು, ರೀಲು ಡಬ್ಬಿಗಳ ಸಂಖ್ಯೆ ಎಲ್ಲವನ್ನೂ ಫೋಟೊ ಸಮೇತ ಬರೆದು, ಸಾಧ್ಯವಾದರೆ ಹರಾಜುದಾರರ ಸಹಿ ಹಾಕಿಸಿಕೊಳ್ಳಿ. ನೋಡುವ ದಿನಕ್ಕೂ ಎತ್ತುವ ದಿನಕ್ಕೂ ನಡುವೆ ಮೊದಲು ಕಾಲು ಬರುವುದು ಲೆನ್ಸುಗಳಿಗೇ. ಮಾಲು ಎತ್ತಲು ಎಷ್ಟು ದಿನ, ತಡವಾದರೆ ದಿನಕ್ಕೆ ಎಷ್ಟು ನೆಲಬಾಡಿಗೆ, ಠೇವಣಿ ಯಾವಾಗ ಮುಟ್ಟುಗೋಲು, ಇದನ್ನೂ ಓದಿಕೊಳ್ಳಿ. ಇನ್ನೊಂದು: ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸಬಹುದು. ಕೈಯಿಂದ ತಿರುಗಿಸುವ ಮೂಕಿ ಕಾಲದ ಯಂತ್ರ ಸಿಕ್ಕಿ, ಹೊರದೇಶಕ್ಕೆ ಮಾರುವ ಯೋಚನೆ ಬಂದರೆ ಮೊದಲು ಅದನ್ನು ವಿಚಾರಿಸಿ.

ಮನೆಗೆ ತಂದ ಮೇಲೆ

ಪ್ಲಗ್ ಚುಚ್ಚುವ ಆಸೆ ತಡೆದುಕೊಳ್ಳಿ. ಮೊದಲು ವೈರು ಬದಲಿಸಿ, ಮೂರು ಎಳೆಯದು ಹಾಕಿ, ಒಡಲಿಗೆ ಅರ್ಥಿಂಗ್ ಕೊಡಿ. ಹಳೆಯ ಎರಡು ಪಿನ್ನಿನ ಲೋಹದ ಯಂತ್ರ, ಮಳೆಗಾಲದ ತೇವದ ನೆಲ ಒಳ್ಳೆಯ ಜೋಡಿಯಲ್ಲ. ಪ್ರೊಜೆಕ್ಷನ್ ಲ್ಯಾಂಪ್ ಕಳಚಿಟ್ಟು, 100 ವ್ಯಾಟಿನ ಹಳೆಯ ಬಗೆಯ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿ ಮೋಟರಿಗೆ ಕರೆಂಟ್ ಕೊಡಿ. ಬಲ್ಬ್ ಪೂರ್ತಿ ಬೆಳಗಿ ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ. ಮಂಕಾಗಿ ಉರಿದು ಮೋಟರು ಎಳೆಯಲು ಯತ್ನಿಸಿದರೆ ದಾರಿ ಸರಿ. ಆಂಪ್ಲಿಫೈಯರಿನ ಮೇಣ ಸುತ್ತಿದ ಕಾಗದದ ಕೆಪಾಸಿಟರುಗಳನ್ನು ಪರೀಕ್ಷೆಗೂ ಮೊದಲೇ ಬದಲಿಸುವುದು ವಾಸಿ, ನಮ್ಮ ಹವೆಯಲ್ಲಿ ಅವು ತೇವ ಕುಡಿದಿರುತ್ತವೆ. ಫ್ಯಾನು ತಿರುಗದೆ ಲ್ಯಾಂಪ್ ಉರಿಸಬಾರದು. ತುಕ್ಕು ಬಿಡಿಸುವ ಸ್ಪ್ರೇಯನ್ನು ಯಂತ್ರದೊಳಗೆ ಹೊಡೆಯಬೇಡಿ, ಅದು ಹಳೆಯ ಗ್ರೀಸನ್ನು ತೊಳೆದು ಲೆನ್ಸಿನ ಮೇಲೆ, ರಬ್ಬರಿನ ಮೇಲೆ ಹರಡುತ್ತದೆ.

ಹೊರಗಿನ ಗಾಜಿನ ಮೇಲಿನ ಬೂಷ್ಟಿಗೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಮನೆಬಳಕೆಯ ಅಮೋನಿಯಾ ಸಮಭಾಗ ಬೆರೆಸಿ, ಲೆನ್ಸ್ ಕಾಗದಕ್ಕೆ ಎರಡು ಹನಿ ಹಾಕಿ, ಒತ್ತದೆ ಒರೆಸಿ, ಒಣ ಕಾಗದದಲ್ಲಿ ಮುಗಿಸಿ. ಗಾಳಿಯಾಡುವ ಕಡೆ ಕೂತು ಮಾಡಿ, ಬ್ಲೀಚ್ ಹತ್ತಿರವೂ ಇರಬಾರದು. ಒಳಗಿನ ಗಾಜುಗಳ ಕೋಟಿಂಗ್ ಹಳೆಯ ಲೆನ್ಸುಗಳಲ್ಲಿ ತೀರಾ ಮೆತ್ತಗೆ, ಬಟ್ಟೆ ತಾಗಿದರೂ ಹೋಗುತ್ತದೆ, ಅದನ್ನು ಗೊತ್ತಿದ್ದವರಿಗೇ ಬಿಡಿ.

ಎಲ್ಲಿಡುವುದು ಎಂಬ ಪ್ರಶ್ನೆಗೆ ಮಲೆನಾಡಿನ ಹಳೆಯ ಮನೆಗಳೇ ಅರ್ಧ ಉತ್ತರ ಕೊಟ್ಟಿವೆ. ಒಲೆಯ ಮೇಲಿನ ಅಟ್ಟದಲ್ಲಿದ್ದ ಕ್ಯಾಮೆರಾ ಕಪ್ಪು ಹಿಡಿದು ಜಿಡ್ಡಾಗಿರುತ್ತದೆ, ಆದರೆ ಬೂಷ್ಟು ಇರುವುದಿಲ್ಲ; ಮಸಿ ಒರೆಸಿದರೆ ಒಳಗೆ ಗಟ್ಟಿ ಮಾಲು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದದ್ದು ತದ್ವಿರುದ್ಧ. ಗಂಜಲದ ಅಮೋನಿಯಾ ಹಿತ್ತಾಳೆಗೆ ಕಿಲುಬು ಹಿಡಿಸುವುದಷ್ಟೇ ಅಲ್ಲ, ಬಿಗುವಿನಲ್ಲಿರುವ ಹಿತ್ತಾಳೆಯನ್ನು ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆಂದು ಕುದುರೆಲಾಯದಲ್ಲಿಟ್ಟ ಹಿತ್ತಾಳೆಯ ಕಾಡತೂಸುಗಳು ಬಿರುಕು ಬಿಟ್ಟದ್ದಕ್ಕೆ ಕಾರಣವೂ ಇದೇ. ಲೆನ್ಸಿನ ಹಿತ್ತಾಳೆ ಬಳೆಗಳನ್ನು ಕೊಟ್ಟಿಗೆಯ ಗಾಳಿಯಿಂದ ದೂರವಿಡಿ.

ಬೂಷ್ಟು ಬೆಳೆಯುವುದು ಗಾಳಿಯ ತೇವ ಶೇ. 65–70 ದಾಟಿದಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಮನೆಯೊಳಗೇ 90 ಇರುತ್ತದೆ. ಹಗುರದ ವಸ್ತುಗಳಿಗೆ ರಬ್ಬರ್ ಅಂಚಿನ ಗಾಳಿಯಾಡದ 20–25 ಲೀಟರ್ ಡಬ್ಬ, ಒಳಗೆ ಕಾಲು ಕಿಲೋ ಸಿಲಿಕಾ ಜೆಲ್ ಸಾಕು. ನೀಲಿ ಜೆಲ್ ಗುಲಾಬಿಯಾದಾಗ ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಹುರಿದರೆ ಮತ್ತೆ ನೀಲಿ. ಚರ್ಮದ ಚೀಲಗಳನ್ನು ಡಬ್ಬಕ್ಕೆ ಹಾಕಬೇಡಿ, ಬೂಷ್ಟಿನ ತವರು ಅದೇ. ತೇವ 40ರಿಂದ 50ರ ನಡುವೆ ನಿಲ್ಲಲಿ. 30ಕ್ಕಿಂತ ಕೆಳಗೆ ಹೋದರೆ ಬೆಲ್ಲೋಸಿನ ಚರ್ಮ ಬಿರಿಯುತ್ತದೆ.

ಪ್ರೊಜೆಕ್ಟರಿನಂಥ ಭಾರದ್ದಕ್ಕೆ ಬೀರುವಿನೊಳಗೆ ಬಲ್ಬು ಉರಿಸುವ ಹಳೆಯ ಉಪಾಯವೇ ಸಾಕು, ಅದು ಬರಿಯ ನಂಬಿಕೆಯಲ್ಲ. 24 ಡಿಗ್ರಿಯಲ್ಲಿ ಶೇ. 90 ತೇವವಿರುವ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರೂ ತೆಗೆಯದೆ, ತೇವ ಶೇ. 63ಕ್ಕೆ ಇಳಿಯುತ್ತದೆ. ಬೀರುವಿನ ತಳದಲ್ಲಿ 25 ವ್ಯಾಟಿನ ಹಳೆಯ ಬಗೆಯ ಬಲ್ಬು (ಎಲ್‌ಇಡಿ ಕಾಯುವುದಿಲ್ಲ), ಸುತ್ತ ಜಾಲರಿ, ಮೇಲೆ ಕೆಳಗೆ ಎರಡು ಬೆರಳು ಅಗಲದ ಕಿಂಡಿ. ರೀಲುಗಳನ್ನು ಮಾತ್ರ ಇಲ್ಲಿಡಬೇಡಿ, ಬಿಸಿ ಫಿಲ್ಮಿಗೆ ಆಗದು.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ತೇವಮಾಪಕಗಳು ಹತ್ತು ಅಂಕಿ ಆಚೀಚೆ ತೋರಿಸುವುದುಂಟು. ಬಾಟಲಿಯ ಮುಚ್ಚಳವೊಂದಕ್ಕೆ ಅಡುಗೆ ಉಪ್ಪು ಹಾಕಿ, ಕರಗದೆ ಕೆಸರಾಗುವಷ್ಟೇ ನೀರು ಬೆರೆಸಿ, ಮಾಪಕದ ಜೊತೆ ಬಿಗಿ ಡಬ್ಬದಲ್ಲಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 82 ತೋರಿಸಿದರೆ ಮಾಪಕದ ಮೇಲೆ ‘7 ಕಳೆ’ ಎಂದು ಚೀಟಿ ಅಂಟಿಸಿ ಬೀರುವಿಗೆ ಹಾಕಿ.